ಜೀಪು, ಟ್ರೇಲರಿಗೆ ಬಣ್ಣದ ಬದಲು ದಪ್ಪ ಲೇಪ: ಎಲ್ಲಿ ಬೇಕು, ಎಲ್ಲಿ ಬೇಡ?

ಚಿಂಚೋಳಿ ತಾಲ್ಲೂಕಿನ ಐನಾಪುರದಂಥ ಊರಿನಲ್ಲಿ ಜೀಪಿನ ಬಣ್ಣ ಎಷ್ಟು ದಿನ ಬಾಳುತ್ತದೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಎರಿ ಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಬದುವಿನ ಜಾಲಿಮುಳ್ಳು ಎರಡೂ ಬದಿಗೆ ಗೀರು ಹಾಕುತ್ತದೆ. ಟ್ರ್ಯಾಕ್ಟರ್ ಟ್ರೇಲರಿನ ಪಾಡಂತೂ ಇನ್ನೂ ಕಷ್ಟ. ಇವತ್ತು ಶಹಾಬಾದ್ ಫರಸಿ, ನಾಳೆ ತಿಪ್ಪೆಗೊಬ್ಬರ, ನಾಡಿದ್ದು ಡಿ.ಎ.ಪಿ. ಚೀಲ. ಫರಸಿಯ ಅಂಚು ಬಣ್ಣವನ್ನು ಕೆರೆದುಹಾಕುತ್ತದೆ. ಚೀಲದಿಂದ ಉದುರಿದ ಗೊಬ್ಬರ ಆ ಕೆರೆದ ಜಾಗದಲ್ಲಿ ಕೂತು, ತೇವ ಸೋಕಿದೊಡನೆ ಕಬ್ಬಿಣವನ್ನು ತಿನ್ನತೊಡಗುತ್ತದೆ. ಕೆಲವೇ ಮಳೆಗಾಲಗಳಲ್ಲಿ ತಳದ ತಗಡಿಗೆ ಜಂಗು ಹತ್ತುತ್ತದೆ.

ಇದಕ್ಕೆ ಉಪಾಯವೆಂದು ಪೇಟೆಯ ಗ್ಯಾರೇಜುಗಳಲ್ಲಿ ಒಂದು ದಪ್ಪ, ತರಿತರಿಯಾದ ಲೇಪವನ್ನು ಗನ್ನಿನಿಂದ ಸಿಂಪಡಿಸಿಕೊಡುತ್ತಾರೆ. ‘ಬೆಡ್ ಲೈನರ್’ ಎಂದು ಇದರ ಹೆಸರು. ಅಮೆರಿಕದಲ್ಲಿ ಪಿಕಪ್ ಗಾಡಿಗಳ ಹಿಂದಿನ ತೊಟ್ಟಿಗೆಂದು ಬಳಕೆಗೆ ಬಂದದ್ದನ್ನು ಕಾಡು ಮೇಡು ಸುತ್ತುವ ಜೀಪಿನ ಷೋಕಿದಾರರು ಬಣ್ಣದ ಬದಲಿಗೆ ಇಡೀ ಮೈಗೇ ಬಳಿಸತೊಡಗಿದರು. ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ, ನಿಜ. ಆದರೆ ದುಡಿಯುವ ಗಾಡಿಗೆ ಇದು ಲಾಭವೋ, ದುಡ್ಡು ದಂಡವೋ ಎಂಬುದನ್ನು ರೈತರು ಮೊದಲೇ ಲೆಕ್ಕ ಹಾಕಬೇಕು.

ಲೇಪವೆಂದರೇನು?

ಇದು ಬಣ್ಣವಲ್ಲ. ಪಾಲಿಯುರಿಥೇನ್ ಅಥವಾ ಪಾಲಿಯುರಿಯ ಎಂಬ, ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ಕು. ಪಾಲಿಯುರಿಥೇನನ್ನು 1937ರಲ್ಲಿ ಜರ್ಮನಿಯ ಆಟೊ ಬೇಯರ್ ಕಂಡುಹಿಡಿದರು. ಸಿಂಪಡಿಸುವ ಪಾಲಿಯುರಿಯ 1980ರ ದಶಕದಲ್ಲಿ ಅಮೆರಿಕದ ಟೆಕ್ಸಾಕೊ ಕಂಪೆನಿಯ ಪ್ರಯೋಗಶಾಲೆಯಲ್ಲಿ ರೂಪುಗೊಂಡಿತು. ಎರಡು ದ್ರವಗಳನ್ನು ಕೂಡಿಸಿದಾಗ ಅವು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಪಾಲಿಯುರಿಯವಂತೂ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುವುದರಿಂದ, ದ್ರವವನ್ನು ಕಾಯಿಸಿ ಭಾರಿ ಒತ್ತಡದಲ್ಲಿ ಹಾರಿಸುವ ಯಂತ್ರವೇ ಬೇಕು. ಬಾಟಲಿಯಲ್ಲಿ ಗಟ್ಟಿಕಾರಕ ಬೆರೆಸಿ, ಕುಲುಕಿ, ಸಾದಾ ಕಂಪ್ರೆಸರಿನ ಗನ್ನಿಗೆ ತಿರುಗಿಸಿ ಹೊಡೆಯುವ ಇನ್ನೊಂದು ಜಾತಿಯೂ ಉಂಟು. ಅದು ನಿಧಾನವಾಗಿ ಒಣಗುತ್ತದೆ.

ಕಾರ್ಖಾನೆಯಿಂದ ಬಂದ ಗಾಡಿಯ ಬಣ್ಣ, ಎಲ್ಲ ಪದರ ಸೇರಿ, ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪವಿರುತ್ತದೆ. ಯಂತ್ರದಿಂದ ಹೊಡೆದ ಲೇಪ 2 ಮಿ.ಮೀ. ಇದ್ದರೆ ಅದರ 20 ಪಟ್ಟು ಆಯಿತು. ಕಲ್ಲು ಬಿದ್ದಾಗ ಬಣ್ಣ ಸಿಡಿಯುತ್ತದೆ, ಲೇಪ ತಗ್ಗಿ ಮತ್ತೆ ಮೇಲೇಳುತ್ತದೆ. ಇದರ ಬಲವೆಲ್ಲ ಇಲ್ಲಿದೆ. ಬಾಟಲಿಯ ಜಾತಿಯದು ಎರಡು ಕೋಟು ಹೊಡೆದರೂ ಒಂದು ಮಿ.ಮೀ. ತುಂಬುವುದಿಲ್ಲ. ಎರಡಕ್ಕೂ ಹೆಸರು ಒಂದೇ ಆದದ್ದರಿಂದ ಯಾವುದನ್ನು ಹೊಡೆಯುತ್ತಾರೆಂದು ಕೇಳಿಯೇ ದರ ಮಾತಾಡಬೇಕು.

ದಪ್ಪವನ್ನು ಅಳೆಯುವ ಸುಲಭ ಲೆಕ್ಕವೊಂದಿದೆ. ನಿಮ್ಮ ಟ್ರೇಲರಿನ ತಳ 10 ಅಡಿ ಉದ್ದ, 6 ಅಡಿ ಅಗಲ, ಸುತ್ತಲಿನ ಹಲಗೆ 2 ಅಡಿ ಎತ್ತರ ಎನ್ನಿ. ಒಳಮೈ ಒಟ್ಟು 124 ಚದರಡಿ, ಅಂದರೆ ಸುಮಾರು 11½ ಚದರ ಮೀಟರು. ಇದಕ್ಕೆ 2 ಮಿ.ಮೀ. ದಪ್ಪ ಕೂರಬೇಕಾದರೆ 23 ಲೀಟರ್ ಸಾಮಗ್ರಿ ಬೇಕು. ಗಾಳಿಗೆ ಹಾರಿಹೋಗುವುದನ್ನು ಹಿಡಿದರೆ ಇನ್ನೂ ಹೆಚ್ಚು. ಹತ್ತು ಲೀಟರಿನಲ್ಲಿ ಮುಗಿಸಿ ‘ಎರಡು ಮಿ.ಮೀ. ಕೂತಿದೆ’ ಎಂದರೆ ನಂಬಬೇಡಿರಿ.

ಕೆಲಸವೆಲ್ಲ ಲೇಪದ ಕೆಳಗೆ

ಈ ಲೇಪ ಕೆಟ್ಟಿತೆಂದು ಕೇಳಿಬರುವ ದೂರುಗಳಲ್ಲಿ ಲೇಪದ ತಪ್ಪು ಕಡಿಮೆ, ಅದರ ಕೆಳಗಿನ ಕೆಲಸದ ತಪ್ಪು ಹೆಚ್ಚು. ಜಂಗಿನ ಮೇಲೆಯೇ ಹೊಡೆದರೆ ಲೇಪವು ಹಿಡಿಯುವುದು ಜಂಗಿನ ಪುಡಿಯನ್ನೇ ಹೊರತು ಕಬ್ಬಿಣವನ್ನಲ್ಲ. ಅಂಚಿನಲ್ಲಿ ಒಂದು ಕಡೆ ಬಿಟ್ಟಿತೆಂದರೆ ಒಳಗೆ ನೀರು ಇಳಿಯುತ್ತದೆ. ಇಳಿದ ನೀರು ಆರುವುದಿಲ್ಲ. ಬಣ್ಣದಡಿಯ ಜಂಗು ಉಬ್ಬಿ ಕಣ್ಣಿಗೆ ಕಾಣಿಸುತ್ತದೆ, ನೀವು ಎಚ್ಚರಗೊಳ್ಳುತ್ತೀರಿ. ದಪ್ಪ ಲೇಪದಡಿಯ ಜಂಗು ತಗಡು ತೂತಾಗುವ ತನಕ ಸುಳಿವು ಕೊಡುವುದಿಲ್ಲ.

ಆದ್ದರಿಂದ ಮೊದಲು ಸೀಗೆಯಷ್ಟೇ ಚೆನ್ನಾಗಿ ಎಣ್ಣೆ ತೆಗೆಯುವ ಸಾಬೂನಿನಿಂದ ತೊಳೆದು, ಗ್ರೀಸು, ಡೀಸೆಲ್ಲಿನ ಪಸೆ ಕಿಂಚಿತ್ತೂ ಉಳಿಯದಂತೆ ತೆಗೆಯತಕ್ಕದ್ದು. ಕಾರ್ಖಾನೆಯ ಬಣ್ಣ ಗಟ್ಟಿಯಾಗಿರುವ ಕಡೆ ಅದನ್ನು ಕೆರೆದು ತೆಗೆಯಬಾರದು. ಅದಕ್ಕಿಂತ ಒಳ್ಳೆಯ ಅಡಿಪದರ ನಮ್ಮ ಗ್ಯಾರೇಜಿನಲ್ಲಿ ಹಾಕಲಾಗುವುದಿಲ್ಲ. ಎಮರಿ ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಜಂಗು ಕಂಡಲ್ಲಿ ಮಾತ್ರ ಗ್ರೈಂಡರ್ ಹಚ್ಚಿ, ಬಿಳಿಯ ಕಬ್ಬಿಣ ಕಾಣುವವರೆಗೆ ಇಳಿದು, ಅದೇ ದಿನ ಎಪಾಕ್ಸಿ ಪ್ರೈಮರ್ ಬಳಿಯಬೇಕು. ರಾತ್ರಿ ಬಿಟ್ಟು ಮರುದಿನ ನೋಡೋಣವೆಂದರೆ ಹೊಸ ಜಂಗು ಆಗಲೇ ಹತ್ತಿರುತ್ತದೆ.

ಟ್ರೇಲರ್ ಇರುವವರು ಇನ್ನೊಂದು ಮಾತನ್ನು ಮರೆಯಬಾರದು. ನಮ್ಮ ಟ್ರೇಲರುಗಳಿಗೆ ಆಗಾಗ ವೆಲ್ಡಿಂಗ್ ತಪ್ಪಿದ್ದಲ್ಲ: ಕೊಂಡಿ ಬಿಡುತ್ತದೆ, ತಳದ ತಗಡು ಸೀಳುತ್ತದೆ. ಲೇಪ ಹಾಕಿದ ಮೇಲೆ ವೆಲ್ಡಿಂಗ್ ಮಾಡಿದರೆ ಸುತ್ತಲಿನ ಲೇಪ ಸುಟ್ಟು ವಿಷದ ಹೊಗೆ ಬರುತ್ತದೆ. ಅಷ್ಟು ಜಾಗದ ಲೇಪವನ್ನು ಮೊದಲೇ ಕೆರೆದು ತೆಗೆಯಬೇಕು, ಅದು ಸುಲಭದ ಕೆಲಸವಲ್ಲ. ಹೀಗಾಗಿ ಸೀಳಿದ್ದು, ಸಡಿಲಾದದ್ದು ಎಲ್ಲವನ್ನೂ ಬೆಸೆಸಿ ಮುಗಿಸಿದ ಮೇಲೆಯೇ ಲೇಪದ ಮಾತು. ಮುಪ್ಪಾದ ಟ್ರೇಲರಿಗೆ ಇದನ್ನು ಹಾಕಿಸುವುದೆಂದರೆ ಹರಿದ ಅಂಗಿಗೆ ಜರಿ ಅಂಚು ಹೊಲಿಸಿದಂತೆ. ಅಂಥದಕ್ಕೆ ವರ್ಷಕ್ಕೊಮ್ಮೆ ಉಜ್ಜಿ, ರೆಡ್ ಆಕ್ಸೈಡ್ ಮತ್ತು ಎನಾಮಲ್ ಬಳಿಯುವ ಹಳೆಯ ಪದ್ಧತಿಯೇ ಮೇಲು.

ಎತ್ತಿ ಸುರಿಯುವ ಟಿಪ್ಪರ್ ಟ್ರೇಲರಿಗೂ ಯೋಚಿಸಿಯೇ ಹಾಕಿಸಬೇಕು. ತರಿತರಿಯಾದ ಮೈ ಸರಕನ್ನು ಜಾರಗೊಡುವುದಿಲ್ಲ. ಫರಸಿಗೆ, ಚೀಲಕ್ಕೆ ಇದು ಗುಣ. ಹಸಿ ಗೊಬ್ಬರಕ್ಕೆ, ಕೆರೆಯ ಹೂಳಿಗೆ ಇದೇ ದೋಷ. ಅಂಥ ಟ್ರೇಲರಿಗೆ ಆದಷ್ಟು ನುಣುಪಾದ ಲೇಪವನ್ನೇ ಕೇಳಿರಿ. ಸಲಿಕೆಯ ಚೂಪು ಅಂಚು ಲೇಪವನ್ನು ಕೊಯ್ಯಬಲ್ಲದೆಂಬುದೂ ನೆನಪಿರಲಿ.

ಯಾವಾಗ ಮಾಡಿಸಬೇಕು?

ದ್ರವಗಳಲ್ಲಿ ಒಂದಕ್ಕೆ ನೀರಿನ ತೇವ ಕಂಡರಾಗದು. ತೇವ ಸೇರಿದರೆ ಗುಳ್ಳೆ ಎದ್ದು ಲೇಪ ಟೊಳ್ಳಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಖಂಡಿತ ಬೇಡ. ಚಳಿಗಾಲದ ಬೆಳಗಿನಲ್ಲಿ ಕಬ್ಬಿಣದ ಮೇಲೆ ಇಬ್ಬನಿ ಕೂತಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬಿಸಿಲೇರುವ ತನಕ ಕಾಯಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ತಗಡು ಕೈ ಇಡಲಾರದಷ್ಟು ಕಾದಿರುತ್ತದೆ. ಆಗ ಲೇಪ ಹರಡುವ ಮೊದಲೇ ಗಟ್ಟಿಯಾಗಿ ಸೂಜಿತೂತು ಬೀಳುವುದುಂಟು. ತೊಗರಿ ರಾಶಿ ಮುಗಿದು ಗಾಡಿ ಬಿಡುವಾಗುವ ಫೆಬ್ರವರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ತಿಂಗಳು.

ಉಸಿರಿನ ಮಾತು

ಕಂಪ್ರೆಸರ್ ಇದೆ, ಬಾಟಲಿ ತರಿಸಿ ನಾವೇ ಹೊಡೆಯೋಣ ಎಂದು ಹೊರಡುವವರು ಇದನ್ನು ಎರಡು ಸಲ ಓದಬೇಕು. ಇದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿ ಸಾವಿರಾರು ಜನರನ್ನು ಕೊಂದ ಮೀಥೈಲ್ ಐಸೊಸಯನೇಟ್ ಇದೇ ಕುಲದ್ದು. ಲೇಪದಲ್ಲಿರುವುದು ಅದಲ್ಲ, ಅಷ್ಟು ಸುಲಭವಾಗಿ ಆವಿಯಾಗುವಂಥದ್ದೂ ಅಲ್ಲ. ಆದರೆ ಗನ್ನಿನಿಂದ ಹಾರಿದ ಸಣ್ಣ ಹನಿಗಳು ಉಸಿರಿನೊಡನೆ ಪುಪ್ಪುಸಕ್ಕೆ ಹೋಗುತ್ತವೆ. ಕೆಲವರಿಗೆ ಇದರಿಂದ ಉಬ್ಬಸ ಹತ್ತುತ್ತದೆ. ಒಮ್ಮೆ ಹತ್ತಿದರೆ ಮುಂದೆ ಅದರ ಲವಲೇಶ ಸೋಕಿದರೂ ಉಸಿರು ಕಟ್ಟುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಏನೂ ಉಪಯೋಗವಿಲ್ಲ. ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖವಾಡ, ಕೈಗವಸು, ಮೈಮುಚ್ಚುವ ಬಟ್ಟೆ ಬೇಕು. ಹೊಡೆಯುವ ಹುಡುಗನಿಗೆ ಇವನ್ನು ಕೊಡದ ಗ್ಯಾರೇಜಿಗೆ ನಿಮ್ಮ ಗಾಡಿ ಕೊಡಬೇಡಿರಿ. ದನದ ಕೊಟ್ಟಿಗೆಯ ಬಳಿ, ಬಾವಿಯ ದಂಡೆಯಲ್ಲಿ ಈ ಕೆಲಸ ಕೂಡದು. ಖಾಲಿ ಡಬ್ಬಿಗಳನ್ನು ಬೀಜಕ್ಕೋ ನೀರಿಗೋ ಇಟ್ಟುಕೊಳ್ಳಕೂಡದು.

ಇಡೀ ಜೀಪಿಗೆ ಬೇಕೆ?

ನಮ್ಮ ಅಭಿಪ್ರಾಯದಲ್ಲಿ ಬೇಡ. ಪಿಕಪ್ಪಿನ ತೊಟ್ಟಿ, ಮಡ್‌ಗಾರ್ಡಿನ ಒಳಮೈ, ಬಾಗಿಲ ಕೆಳಗಿನ ಪಟ್ಟಿ, ಜೀಪಿನ ಕಾಲಿಡುವ ತಳ, ಇಷ್ಟಕ್ಕೆ ಹಾಕಿಸಿದರೆ ಕೊಟ್ಟ ಹಣ ದುಡಿಯುತ್ತದೆ. ಬಾನೆಟ್ಟು, ಛಾವಣಿಗೆ ಕಲ್ಲೂ ಬೀಳುವುದಿಲ್ಲ, ಮಣ್ಣೂ ಮೆತ್ತುವುದಿಲ್ಲ. ಕಪ್ಪು ಲೇಪದ ಛಾವಣಿ ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಕೆಂಡವಾಗುತ್ತದೆ. ಅಗ್ಗದ ಲೇಪವಾದರೆ ಬಿಸಿಲಿಗೆ ಬಣ್ಣಗೆಟ್ಟು ಬೂದಿ ಬಳಿದಂತೆಯೂ ಕಾಣುತ್ತದೆ. ಬಿಸಿಲು ತಡೆಯುವ ಜಾತಿಗೆ ಬೆಲೆ ಹೆಚ್ಚು. ಮೈಮೇಲೆ ಗೀರು ಬಿದ್ದರೆ ಬಣ್ಣವನ್ನು ಕುಂಚದಿಂದ ಸರಿಮಾಡಬಹುದು. ಲೇಪ ಬೇಡವೆನಿಸಿದರೆ ಕೆರೆದು ತೆಗೆಯುವ ಕೂಲಿಯೇ ಹಾಕಿಸಿದ ಖರ್ಚನ್ನು ಮೀರೀತು.

ಕಾಯಿದೆಯ ತೊಡಕೂ ಇದೆ. ಆರ್.ಸಿ.ಯಲ್ಲಿ ಗಾಡಿಯ ಬಣ್ಣ ನಮೂದಾಗಿರುತ್ತದೆ. ಇಡೀ ಮೈಯ ಬಣ್ಣ ಬದಲಾಗುವುದಾದರೆ ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಹೊಸ ಬಣ್ಣವನ್ನು ಬರೆಸಿಕೊಳ್ಳಬೇಕು. ಚಾಸಿಸ್ ನಂಬರು ಕೊರೆದ ಜಾಗ, ಹಿಂದಿನ ಪ್ರತಿಫಲಕ, ನೀರು ಬಸಿಯುವ ತೂತು ಇವುಗಳನ್ನು ಪಟ್ಟಿ ಅಂಟಿಸಿ ಬಿಡಿಸುವುದು ನಿಮ್ಮ ಹೊಣೆ. ಬಾಗಿಲ ತಳದ ತೂತು ಮುಚ್ಚಿದರೆ ಬಾಗಿಲೇ ಒಳಗಿನಿಂದ ಕೊಳೆಯುತ್ತದೆ.

ಹಳೆಯ ಜೀಪು ಕೊಳ್ಳುವವರು ಮೈತುಂಬ ಲೇಪ ಕಂಡರೆ ಅನುಮಾನಿಸಬೇಕು. ಪುಟ್ಟಿ ತುಂಬಿದ ತೂತು, ಬೆಸೆದ ತಗಡು ಎಲ್ಲ ಅದರಡಿ ಅಡಗುತ್ತವೆ. ಬ್ಯಾಟರಿ ಹಿಡಿದು ಗಾಡಿಯ ಕೆಳಗೆ ಮಲಗಿ ನೋಡಿರಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತ ಹೋಗಿರಿ. ಸದ್ದು ಬದಲಾದ ಕಡೆ ಆಯಸ್ಕಾಂತ ಹಿಡಿದು, ಬೇರೆ ಕಡೆಯಷ್ಟೇ ಎಳೆಯುತ್ತದೆಯೇ ಎಂದು ಪರೀಕ್ಷಿಸಿರಿ.

ಕಲ್ಲು ಹೇರುವುದೇ ಮುಖ್ಯ ಕೆಲಸವಾದವರಿಗೆ ಅಗ್ಗದ ದಾರಿ ಇನ್ನೊಂದಿದೆ. ವಾಡಿ, ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಕಲ್ಲು ಸಾಗಿಸುವಂಥ ರಬ್ಬರ್ ಬೆಲ್ಟಿನ ಹಳೆಯ ತುಂಡು ಗುಜರಿಯಲ್ಲಿ ಸಿಕ್ಕರೆ, ತಳದ ಅಳತೆಗೆ ಕೊಯ್ದು ಹಾಸಿರಿ. ಮೊಳೆ ಹೊಡೆಯಬೇಡಿರಿ, ಪ್ರತಿ ಮಳೆಯ ನಂತರ ಎತ್ತಿ, ಅಡಿಯ ಮಣ್ಣು ತೊಳೆದು, ತಗಡು ಒಣಗಿದ ಮೇಲೆ ಮತ್ತೆ ಹಾಸಿದರೆ ಆಯಿತು.

ಲೇಪವನ್ನೇ ಹಾಕಿಸಿದಿರಾದರೆ, ಮುಟ್ಟಿದರೆ ಅಂಟುವುದಿಲ್ಲವೆಂದು ಮರುದಿನವೇ ಫರಸಿ ಹೇರಬೇಡಿರಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಬಲಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಅಷ್ಟು ದಿನ ಗಾಡಿ ನೆರಳಿನಲ್ಲಿ ನಿಂತಿರಲಿ, ನೀರು, ಡೀಸೆಲ್ ಬೀಳದಿರಲಿ. ಮೊದಲ ಹೇರಿನ ನಂತರ ಮೂಲೆ ಮತ್ತು ಅಂಚುಗಳನ್ನು ಉಗುರಿನಿಂದ ಎಬ್ಬಿ ನೋಡಿರಿ. ಎದ್ದುಬಂದರೆ ಗ್ಯಾರೇಜಿಗೆ ಒಯ್ದು ಆಗಲೇ ಸರಿಪಡಿಸಿಕೊಳ್ಳಿರಿ.