ಹುಳುವಿನ ದನಿಯ ಕಪ್ಪೆ

ಮಣಿಪಾಲದ ಸುತ್ತಲಿನ ಮುರಕಲ್ಲಿನ (ಲ್ಯಾಟರೈಟ್) ಬಯಲಲ್ಲಿ ಮಳೆಗಾಲದ ಕತ್ತಲಾಗುತ್ತಿದ್ದಂತೆ ಹುಲ್ಲಿನ ಬುಡದಿಂದ ಒಂದು ಸದ್ದು ಏಳುತ್ತದೆ. ಜೀರುಂಡೆಯಂಥ ಹುಳು ಇರಬೇಕೆಂದುಕೊಂಡು ಯಾರಾದರೂ ಮುಂದೆ ಹೋಗಿಬಿಡುವಂಥ ಸದ್ದು. ಬಗ್ಗಿ ಹುಡುಕಿದವರಿಗೆ ಸಿಕ್ಕಿದ್ದು ಕಪ್ಪೆ! ಉದ್ದ ಸುಮಾರು 1.6 ಸೆಂಟಿಮೀಟರ್, ತೆಳುಕಂದು ಮೈ, ಅದರ ಮೇಲೆ ಕಪ್ಪು ಗುರುತುಗಳು. 2016ರಲ್ಲಿ ಅದು ಹೊಸ ಪ್ರಭೇದವೆಂದು ಪ್ರಕಟವಾಯಿತು. ಕೂತ ಕಲ್ಲಿನ ಹೆಸರೇ ಅದಕ್ಕೂ ಬಂತು: ಮೈಕ್ರೊಹೈಲಾ ಲ್ಯಾಟರೈಟ್.

ದಟ್ಟ ಕಾಡಿನಲ್ಲಲ್ಲ, ಊರ ಮಗ್ಗುಲಲ್ಲೇ ಇದ್ದ ಜೀವಿ ಅದು.

ಕಪ್ಪೆಗಳ ವಿಷಯದಲ್ಲಿ ಕಣ್ಣನ್ನಷ್ಟೇ ನಂಬಿದರೆ ಮೋಸ ಹೋಗುವುದೇ ಹೆಚ್ಚು. ಒಂದೇ ಪ್ರಭೇದದಲ್ಲಿ ಬಣ್ಣ ಬದಲಾಗುತ್ತದೆ. ಬೇರೆ ಬೇರೆ ಪ್ರಭೇದಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ. ಕೂಗು ಹಾಗಲ್ಲ. ಗಂಡು ಕೂಗುವುದು ತನ್ನ ಜಾತಿಯ ಹೆಣ್ಣನ್ನು ಕರೆಯಲು. ಆ ತಾಳ ತಪ್ಪಿದರೆ ಅವಳು ಬರುವುದಿಲ್ಲ. ಹೆಣ್ಣುಕಪ್ಪೆ ನಂಬುವ ಗುರುತನ್ನೇ ಮನುಷ್ಯರೂ ಹಿಡಿಯಬಹುದು. ಮಣಿಪಾಲದ ಕಪ್ಪೆಗೂ ಮೈಯ ಅಳತೆ, ಡಿಎನ್‌ಎ ಜೊತೆಗೆ ಕೂಗನ್ನೂ ಹೋಲಿಸಿ ನೋಡಿದ ಮೇಲೆಯೇ ಹೆಸರಿಟ್ಟದ್ದು.

ಕಂಡ ಕಪ್ಪೆಯನ್ನು ದಾಖಲಿಸಲು ದೊಡ್ಡ ಸಲಕರಣೆ ಬೇಡ, ಕೈಯಲ್ಲಿರುವ ಮೊಬೈಲೇ ಸಾಕು. ಬೆನ್ನು, ಪಕ್ಕೆ, ಬೆರಳುಗಳು ಕಾಣುವಂತೆ ಫೋಟೊ ತೆಗೆಯಬೇಕು. ಜೊತೆಗಿದ್ದವರ ಹರಟೆ ನಿಲ್ಲಿಸಿ ಅರ್ಧ ನಿಮಿಷ ಕೂಗನ್ನು ರೆಕಾರ್ಡ್ ಮಾಡಬೇಕು. ತಾರೀಖು, ಹೊತ್ತು, ಜಾಗ, ಮಳೆಯಿತ್ತೇ, ಕೂತದ್ದು ಕಲ್ಲಿನ ಮೇಲೋ ಗದ್ದೆಯ ನೀರಲ್ಲೋ ಎಂಬುದನ್ನು ಅಲ್ಲೇ ಬರೆದಿಡಬೇಕು. ಮನೆಗೆ ಬಂದು ನೆನಪಿಸಿಕೊಂಡು ಬರೆದದ್ದರಲ್ಲಿ ಊಹೆ ಬೆರೆತಿರುತ್ತದೆ. ಹೆಸರು ಹೇಳಿಬಿಡುವ ಆತುರವಂತೂ ಎಲ್ಲರಿಗೂ ಇದ್ದದ್ದೇ. ಖಚಿತವಿಲ್ಲದಿದ್ದರೆ ಕುಲದ ಹೆಸರಷ್ಟೇ ಹೇಳಿ ‘ಮೈಕ್ರೊಹೈಲಾ, ಯಾವುದೆಂದು ತಿಳಿಯದು’ ಎಂದು ನಿಲ್ಲಿಸುವುದು ಸೋಲೇನಲ್ಲ. ಫೋಟೊ, ದನಿ ಎರಡೂ ಇದ್ದರೆ ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲಿ ಬಲ್ಲವರು ಮುಂದೆಂದಾದರೂ ಗುರುತಿಸಿಯಾರು. ಅಪಾಯದಲ್ಲಿರುವ ಜೀವಿಗಳ ನಿಖರವಾದ ಜಾಗವನ್ನು ಅಲ್ಲಿ ಮಸುಕಾಗಿಸಿಯೇ ತೋರಿಸುತ್ತಾರೆ. ಹಿಡಿದು ಮಾರುವವರೂ ಅದನ್ನು ನೋಡಬಲ್ಲರಲ್ಲ!

ರೂಪ, ದನಿಗಳಾಚೆಗೆ ನಡವಳಿಕೆಯೂ ದಾಖಲಾಗಬೇಕಾದದ್ದೇ. ಮಣಿಪಾಲದ ಕಪ್ಪೆಗೆ ಹೆಸರಿಟ್ಟ ತಂಡದಲ್ಲಿದ್ದ ಕೆ.ವಿ. ಗುರುರಾಜ ಅವರು 2014ರಲ್ಲಿ ಸಂಗಡಿಗರೊಂದಿಗೆ ಇನ್ನೊಂದು ಕಪ್ಪೆಯನ್ನು ಪರಿಚಯಿಸಿದ್ದರು. ಉತ್ತರ ಕನ್ನಡದ ಕಾಡುಹಳ್ಳಗಳಲ್ಲಿ ಇದರ ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಹಳ್ಳದ ಕೆಸರನ್ನು ಮುಂಗೈಯಲ್ಲಿ ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಇರುಳಲ್ಲಿ ಹಳ್ಳದ ದಡದಲ್ಲಿ ಕಾದು ನೋಡಿದ್ದರಿಂದ ಅದಕ್ಕೆ ಸಿಕ್ಕ ಹೆಸರು ಕುಂಬಾರ ಕಪ್ಪೆ.