ಪಿಟೀಲು ಚೀರಿದಾಗ

ಭಯದ ಚಿತ್ರಗಳ ಚರ್ಚೆಯಲ್ಲಿ ಕಣ್ಣಿಗೆ ಕಂಡದ್ದರ ಮಾತೇ ಹೆಚ್ಚು. ಆದರೆ ತೆರೆಯ ಮೇಲಿನ ಭೀಕರತೆಯನ್ನು ತಾಳಲಾರದೆ ಅಂಗೈಯಿಂದ ಮುಖ ಮುಚ್ಚಿಕೊಂಡ ಪ್ರೇಕ್ಷಕನೂ ಹೆದರುತ್ತಲೇ ಇರುತ್ತಾನೆಂಬುದನ್ನು ಗಮನಿಸಿದರೆ, ಆ ಭಯದ ಬಹುಪಾಲು ಕಿವಿಯ ದಾರಿಯಲ್ಲಿ ಬರುತ್ತದೆಂಬುದು ತಿಳಿಯುತ್ತದೆ. ಆಲ್‌ಫ್ರೆಡ್ ಹಿಚ್‌ಕಾಕ್ ಅವರ 1960ರ ‘ಸೈಕೋ’ ಇದಕ್ಕೆ ಬಲವಾದ ಸಾಕ್ಷಿ.

ಆ ಚಿತ್ರದ ಸ್ನಾನಗೃಹದ ಕೊಲೆಗೆ ಸಂಗೀತವೇ ಬೇಡವೆಂಬುದು ಹಿಚ್‌ಕಾಕ್ ಅವರ ಮೊದಲ ಯೋಚನೆಯಾಗಿತ್ತು. ಸಂಯೋಜಕ ಬರ್ನಾರ್ಡ್ ಹರ್ಮನ್ ಅದಕ್ಕಾಗಿ ರಚಿಸಿದ್ದನ್ನು ಕೇಳಿದ ಮೇಲೆ ಅವರು ಮನಸ್ಸು ಬದಲಿಸಿದರು. ಇಡೀ ಚಿತ್ರಕ್ಕೆ ಹರ್ಮನ್ ಬಳಸಿದ್ದು ಪಿಟೀಲು, ವಯೋಲಾ, ಚೆಲ್ಲೊ, ಡಬಲ್ ಬಾಸ್ ಎಂಬ ತಂತಿವಾದ್ಯಗಳನ್ನು ಮಾತ್ರ. ತಂತಿಗಳನ್ನು ಹೊತ್ತಿರುವ ಕುದುರೆಗೆ ಮ್ಯೂಟ್ ಎಂಬ ಚಿಕ್ಕ ತುಂಡನ್ನು ಸಿಕ್ಕಿಸಿದರೆ ನಾದ ಮಂಕಾಗುತ್ತದೆ. ಉಳಿದೆಡೆಯೆಲ್ಲ ಹೀಗೆ ಅದುಮಿಟ್ಟ ನಾದವನ್ನೇ ಬಳಸಿದ ಹರ್ಮನ್, ಕೊಲೆಯ ಗಳಿಗೆಯಲ್ಲಿ ಮಾತ್ರ ಮ್ಯೂಟನ್ನು ತೆಗೆಸಿದರು.

ಷವರ್‌ನ ಪರದೆ ಸರಿದೊಡನೆ ಪಿಟೀಲುಗಳು ತಾರಸ್ಥಾಯಿಯ ತುದಿಯಲ್ಲಿ ಒಂದೇ ಸ್ವರವನ್ನು ಕಮಾನಿನಿಂದ ಕೊಯ್ದಂತೆ ಮತ್ತೆ ಮತ್ತೆ ಎಳೆಯುತ್ತವೆ, ಬರಬರುತ್ತಾ ಆ ಸ್ವರ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಕರ್ನಾಟಕ ಸಂಗೀತದ ಜಾರು ಗಮಕ ಒಂದು ಸ್ವರದಲ್ಲಿ ನೆಲೆಗೊಳ್ಳಲೆಂದು ಹೊರಟರೆ, ಇಲ್ಲಿನ ಜಾರು ಮುಟ್ಟಿದ ಕ್ಷಣವೇ ಕತ್ತರಿಸಿಹೋಗುತ್ತದೆ. ಅದರ ಕೆಳಗೆ ಒಂದೊಂದಾಗಿ ಸೇರುವ ವಾದ್ಯಗಳೂ ಮೊದಲಿನದಕ್ಕೆ ಹೊಂದದ ಸ್ವರಗಳನ್ನೇ ಹಿಡಿಯುವುದರಿಂದ, ಕಿವಿಗೆ ತಂಗಲು ಒಂದು ಷಡ್ಜವೂ ಸಿಗುವುದಿಲ್ಲ.

ಪಿಟೀಲಿನ ಈ ಚೀರಾಟ ಜೀವಿಗಳ ಕೂಗನ್ನು ನೆನಪಿಸುತ್ತದೆ. ಗಂಟಲು ಶಕ್ತಿ ಮೀರಿ ಕೂಗಿದಾಗ ದನಿ ಒಡೆದು, ಕರ್ಕಶವಾಗಿ, ಹಠಾತ್ತನೆ ಏರಿಳಿಯುತ್ತದೆ. ಇದನ್ನು ವಿಜ್ಞಾನಿಗಳು ನಾನ್‌ಲೀನಿಯರ್ ಧ್ವನಿ, ಅಂದರೆ ಕ್ರಮ ತಪ್ಪಿದ ಧ್ವನಿ ಎನ್ನುತ್ತಾರೆ. ಅಳಿಲಿನ ಬಳಗದ ಮಾರ್ಮಟ್ ಎಂಬ ಪ್ರಾಣಿಯ ಕೂಗುಗಳನ್ನು ಅಭ್ಯಸಿಸಿದ ಅಮೆರಿಕದ ಡೇನಿಯಲ್ ಬ್ಲಮ್‌ಸ್ಟೀನ್ ಮತ್ತು ಸಂಗಡಿಗರು 2010ರಲ್ಲಿ 102 ಚಿತ್ರಗಳ ಧ್ವನಿಯನ್ನು ಪರಿಶೀಲಿಸಿ, ಭಯದ ಚಿತ್ರಗಳಲ್ಲಿ ಇಂಥ ಕರ್ಕಶ ಧ್ವನಿಗಳ ಬಳಕೆ ಹೆಚ್ಚೆಂದು ತೋರಿಸಿದರು. ಮರಿಯ ಚೀತ್ಕಾರ ತಾಯಿಯನ್ನು ಬೆಚ್ಚಿಸುವ ಆ ಗುಣವನ್ನು ಹರ್ಮನ್ ಐವತ್ತು ವರ್ಷ ಮೊದಲೇ ಕಮಾನಿನಲ್ಲಿ ಹಿಡಿದಿದ್ದರು.

ಆದರೆ ಸ್ನಾನಗೃಹದ ದೃಶ್ಯದ ನಿಜವಾದ ಕ್ರೌರ್ಯ ಇರುವುದು ಅನಂತರದ ಗಳಿಗೆಗಳಲ್ಲಿ. ಮಂದ್ರದ ನಿಧಾನ ಸ್ವರಗಳು ಅಡಗಿ ಸಂಗೀತ ಪೂರ್ತಿ ನಿಂತ ಮೇಲೂ ಷವರ್‌ನ ನೀರು ಸುರಿಯುತ್ತಲೇ ಇರುತ್ತದೆ. ಮೊದಲು ಹಿತವಾಗಿ ಕೇಳಿಸಿದ್ದ ಅದೇ ಸದ್ದು, ನಿಲ್ಲಿಸುವವರಿಲ್ಲದ ಕಾರಣಕ್ಕೇ ಅಸಹನೀಯವಾಗುತ್ತದೆ.

1963ರ ‘ದಿ ಬರ್ಡ್ಸ್’ನಲ್ಲಿ ಹಿಚ್‌ಕಾಕ್ ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟರು. ಟ್ರಾಟೋನಿಯಂ ಎಂಬ ವಿದ್ಯುತ್ ವಾದ್ಯದಲ್ಲಿ ಜರ್ಮನಿಯ ಓಸ್ಕರ್ ಸಾಲಾ ಹಕ್ಕಿಗಳ ಸದ್ದನ್ನು ಸೃಷ್ಟಿಸಿದರೆ, ಹರ್ಮನ್ ಧ್ವನಿ ಸಲಹೆಗಾರರಾದರು. ಶಾಲೆಯ ಹೊರಗೆ ನಾಯಕಿ ಕಾಯುತ್ತಾ ಕುಳಿತಿರುವಾಗ ಒಳಗಿನಿಂದ ಕೇಳುವುದು ಮಕ್ಕಳ ಹಾಡು ಮಾತ್ರ. ಅವಳ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡುವ ಕಬ್ಬಿಣದ ಚೌಕಟ್ಟಿನ ಮೇಲೆ ಕಾಗೆಗಳು ಒಂದೊಂದಾಗಿ ಸದ್ದಿಲ್ಲದೆ ಬಂದು ಕೂರುತ್ತವೆ. ಹಾಡು ತನ್ನ ಪಾಡಿಗೆ ಮುಂದುವರಿಯುತ್ತದೆ.