ಮೂರು ಮೊಲಕ್ಕೆ ಮೂರೇ ಕಿವಿ

ಟ್ಯಾಬ್ ಪರದೆಯ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಒಂದು ತೆಳು ಗೆರೆ. ಅದರ ಎಡಕ್ಕೆ ಸ್ಟೈಲಸ್‌ನಿಂದ ಒಂದು ಕಿವಿ ಬರೆದರೆ ಬಲಕ್ಕೆ ಇನ್ನೊಂದು ತಾನೇ ಮೂಡುತ್ತದೆ. ಕೆನ್ನೆಯನ್ನು ಒಂದಿಷ್ಟು ಉಬ್ಬಿಸಿ, ಗದ್ದದ ಹತ್ತಿರ ನಡುಗೆರೆಗೆ ಮುಟ್ಟಿಸಿದಿರೋ ಮುಖ ಮುಚ್ಚಿಕೊಂಡಿತು. ಬೆಕ್ಕು ಬರೆಯಲು ಹೊರಟದ್ದು ಗೂಬೆಯಾಯಿತೇ? ಆಗಲಿ ಬಿಡಿ, ರೆಕ್ಕೆ ಸೇರಿಸಿ. ಒಂದು ರೆಕ್ಕೆ ಬರೆದರೆ ಸಾಕು.

ಚಿತ್ರಕಾರರು ಸಿಮೆಟ್ರಿ ಟೂಲ್ ಎನ್ನುವ ಈ ಸೌಲಭ್ಯ ಈಗ ಡ್ರಾಯಿಂಗ್ ಆಪ್‌ಗಳಲ್ಲಿ ಮಾಮೂಲಿ. ಐಪ್ಯಾಡ್ ಇದ್ದವರು ಟಾಸ್ಮೇನಿಯಾದಲ್ಲಿ ತಯಾರಾಗುವ ಪ್ರೊಕ್ರಿಯೇಟ್‌ನಲ್ಲಿ ಬಳಸುತ್ತಾರೆ. ಫೋಟೊಶಾಪ್‌ನಲ್ಲೂ ಇದೆ. ದುಡ್ಡು ಕೊಡದೆ ಸಿಗುವ ಕ್ರಿಟಾದಲ್ಲಿ ‘ಮಲ್ಟಿಬ್ರಶ್’ ಹೆಸರಿನಲ್ಲಿದೆ; ಇನ್ನೊಂದು ಉಚಿತ ತಂತ್ರಾಂಶ ಜಿಂಪ್‌ಗೆ 2018ರಲ್ಲಿ ಬಂತು. ಹಾಗೆಂದು ಇದು ನಿನ್ನೆ ಮೊನ್ನೆಯ ಆಟವಲ್ಲ. 1985ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಡ್ಯಾನ್ ಸಿಲ್ವಾ ಬರೆದ ಡಿಲಕ್ಸ್ ಪೇಂಟ್‌ನಲ್ಲೇ ಒಂದು ಗೆರೆ ಹಲವಾಗುವ ಈ ಏರ್ಪಾಡು ಇತ್ತು.

ಒಳಗಿನ ಲೆಕ್ಕ ಸರಳ. ನೀವಿಟ್ಟ ಚುಕ್ಕಿ ನಡುಗೆರೆಯಿಂದ ಎಷ್ಟು ದೂರವೋ ಅಷ್ಟೇ ದೂರದಲ್ಲಿ ಆಚೆ ಬದಿಗೂ ಒಂದು ಚುಕ್ಕಿ. ಇದು ಕನ್ನಡಿ ಬಗೆ. ರೇಡಿಯಲ್ ಬಗೆಯಲ್ಲಿ ಗೆರೆಯ ಬದಲು ಒಂದು ಕೇಂದ್ರ. ಆರು ವಿಭಾಗ ಆರಿಸಿಕೊಂಡರೆ 60 ಡಿಗ್ರಿಗೊಂದರಂತೆ ನಿಮ್ಮ ಗೆರೆ ಸುತ್ತ ಕೂರುತ್ತದೆ. ಅದರಲ್ಲೂ ಎರಡು ದಾರಿ. ಬರೀ ತಿರುಗಿಸಿದರೆ ಚಿತ್ರ ಗಿರಿಗಿಟ್ಟಲೆಯ ಹಾಗೆ ಒಂದು ಕಡೆಗೆ ಸುತ್ತುವಂತೆ ಕಾಣುತ್ತದೆ. ತಿರುಗಿಸುವುದರ ಜೊತೆಗೆ ಕನ್ನಡಿಯನ್ನೂ ಹಿಡಿದರೆ ಅಲ್ಲಾಡದೆ ನಿಂತುಬಿಡುತ್ತದೆ. ಒಂದು ಕೇಂದ್ರದ ಸುತ್ತ ಚಿತ್ರವನ್ನು ಇಷ್ಟಿಷ್ಟು ಸಲ ಎಂದು ಮರುಕಳಿಸಲು ಇರುವುದು ಈ ಎರಡೇ ಬಗೆ, ಮೂರನೆಯದಿಲ್ಲ. ಗಣಿತಜ್ಞ ಹರ್ಮನ್ ವೈಲ್ ತನ್ನ 1952ರ ‘ಸಿಮೆಟ್ರಿ’ ಪುಸ್ತಕದಲ್ಲಿ ಇದನ್ನು ಕಂಡುಕೊಂಡ ಹಿರಿಮೆಯನ್ನು ಲಿಯೊನಾರ್ಡೊ ಡ ವಿಂಚಿಗೆ ಕೊಡುತ್ತಾನೆ. ನಡುವೆ ಕೇಂದ್ರವಿರುವ ಕಟ್ಟಡಕ್ಕೆ, ಅದರ ಸಮಮಿತಿ ಕೆಡದಂತೆ, ಗೂಡು ಕೋಣೆಗಳನ್ನು ಎಲ್ಲೆಲ್ಲಿ ಸೇರಿಸಬಹುದೆಂದು ಲಿಯೊನಾರ್ಡೊ ಯೋಚಿಸಿದ್ದನಂತೆ.

ಕಟ್ಟಡದ ಮಾತು ಬಂದಾಗ ಗದಗ ಜಿಲ್ಲೆಯ ಡಂಬಳಕ್ಕೆ ಹೋಗಿಬರಲೇಬೇಕು. ಕಲ್ಯಾಣ ಚಾಲುಕ್ಯರ ಕಾಲದ, 12ನೇ ಶತಮಾನದ ದೊಡ್ಡಬಸಪ್ಪ ಗುಡಿ ಅಲ್ಲಿದೆ. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಗೋಡೆಯನ್ನು ಬಳಸಿ ನಡೆಯುವವರಿಗೆ ಮೂಲೆಗಳು ಬಂದು ಹೋಗುತ್ತಲೇ ಇರುತ್ತವೆ, ಯಾವುದು ಎಷ್ಟನೆಯದೆಂದು ತಪ್ಪಿಹೋಗುತ್ತದೆ. ಇದರ ಗುಟ್ಟು ಒಂದು ಚೌಕ. ಅದನ್ನು ನಡುಬಿಂದುವಿನ ಮೇಲೆ 15 ಡಿಗ್ರಿಯಷ್ಟು ತಿರುಗಿಸುತ್ತ ಆರು ಚೌಕಗಳನ್ನು ಒಂದರ ಮೇಲೊಂದು ಬರೆದರೆ 24 ಮೂಲೆ ಸಿಗುತ್ತವೆ. ಸೋಮನಾಥಪುರದ ಕೇಶವ ಗುಡಿಯಲ್ಲಿ 16 ಮೂಲೆ. ಅಲ್ಲಿಗೆ ನಾಲ್ಕು ಚೌಕ ಸಾಕು. ಟ್ಯಾಬ್‌ನಲ್ಲಿ 24 ವಿಭಾಗ ಇಟ್ಟುಕೊಂಡು ಒಂದೇ ಒಂದು ಮೂಲೆ ಎಳೆದು ನೋಡಿ. ಡಂಬಳದ ನಕ್ಷೆ ಕಣ್ಣೆದುರು ಕ್ಷಣದಲ್ಲಿ ಬಿದ್ದುಕೊಳ್ಳುತ್ತದೆ.

ಆದರೆ ಕ್ಷಣದಲ್ಲಿ ಬಿದ್ದುಕೊಳ್ಳುವುದೇ ಈ ಸಲಕರಣೆಯ ತೊಡಕು ಕೂಡ. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1816ರಲ್ಲಿ ಕೆಲಿಡೋಸ್ಕೋಪ್ ರೂಪಿಸಿದ, ಮರುವರ್ಷ ಪೇಟೆಂಟ್ ಪಡೆದ. ಅದು ಅವನ ಕೈಯಲ್ಲಿ ನಿಲ್ಲಲಿಲ್ಲ. ಕಂಡವರೆಲ್ಲ ನಕಲು ಮಾಡಿ ಮಾರಿಕೊಂಡರು. ನಮ್ಮ ಶಾಲೆಗಳಲ್ಲಿ ಮೂರು ಗಾಜಿನ ಪಟ್ಟಿ, ಬಳೆ ಚೂರು ಸೇರಿಸಿ ಮಕ್ಕಳು ಮಾಡುವುದೂ ಅದರದೇ ಒಂದು ರೂಪ. ರತ್ನಗಂಬಳಿ ನೇಯುವವರಿಗೆ, ವಿನ್ಯಾಸಕಾರರಿಗೆ ಇದು ಎಂದೂ ಬತ್ತದ ಒರತೆಯಾದೀತೆಂದು ಬ್ರೂಸ್ಟರ್ ನಂಬಿದ್ದ. ಕೊಳವೆ ತಿರುಗಿಸಿದಾಗೆಲ್ಲ ಹೊಸ ವಿನ್ಯಾಸ ಬರುವುದೇನೋ ನಿಜ. ಆದರೆ ಕೆಲಿಡೋಸ್ಕೋಪಿನಲ್ಲಿ ಕಂಡ ಒಂದಾದರೂ ಚಿತ್ರ ನಿಮಗೆ ನೆನಪಿದೆಯೇ? ಇವತ್ತು ಆಪ್‌ಗಳಲ್ಲಿ ರಾಶಿ ರಾಶಿಯಾಗಿ ಹುಟ್ಟುವ ಮಂಡಲ ಚಿತ್ರಗಳ ಪಾಡೂ ಅದೇ. ಚೆನ್ನಾಗಿರುತ್ತವೆ, ಎಲ್ಲವೂ ಒಂದೇ ಥರ ಚೆನ್ನಾಗಿರುತ್ತವೆ. ರಂಗೋಲಿಯಲ್ಲಿ ಎಂಟು ಎಸಳನ್ನೂ ಎಂಟು ಸಲ ಎಳೆಯಬೇಕು. ಒಂದು ತುಸು ದಪ್ಪ, ಇನ್ನೊಂದು ತುಸು ಓರೆ. ಹಾಕಿದವರ ಕೈ ಅದರಲ್ಲಿ ಕಾಣುತ್ತದೆ. ಯಂತ್ರದ ಎಂಟು ಎಸಳಿನಲ್ಲಿ ಒಂದೇ ಎಸಳು ಎಂಟು ಸಲ.

ಹಾಗಾಗಿ ಈ ಕಲೆಯ ಹಿರಿಯ ಯಾರೆಂದು ಕೇಳಿದರೆ ನನ್ನ ಓಟು ಬ್ರೂಸ್ಟರ್‌ಗಿಂತ ಯುಸ್ಟಿನುಸ್ ಕರ್ನರ್‌ಗೆ. ಜರ್ಮನಿಯ ಈ ವೈದ್ಯ, ಕವಿ, ಮುಪ್ಪಿನಲ್ಲಿ ಕಣ್ಣು ಮಂಜಾಗಿ ಬರೆಯುವಾಗ ಶಾಯಿ ಚೆಲ್ಲಿಕೊಳ್ಳುತ್ತಿದ್ದ. ಕಾಗದ ಮಡಚಿದರೆ ಕಲೆ ಎರಡೂ ಬದಿಗೆ ಅಚ್ಚಾಗಿ ಪಿಶಾಚಿಯೋ ಚಿಟ್ಟೆಯೋ ಆಗುತ್ತಿತ್ತು. ಅವನು ಅಲ್ಲಿಗೇ ಬಿಡದೆ ಪೆನ್ನಿನಿಂದ ಕಣ್ಣು, ಬಾಯಿ ತಿದ್ದಿ ಪಕ್ಕದಲ್ಲಿ ಪದ್ಯವನ್ನೂ ಬರೆದಿಡುತ್ತಿದ್ದ. ತೀರಿಕೊಂಡದ್ದು 1862ರಲ್ಲಿ, ಈ ಚಿತ್ರಗಳ ಪುಸ್ತಕ ಬಂದದ್ದು 1890ರಲ್ಲಿ. ಮುಂದೆ 1921ರಲ್ಲಿ ಹರ್ಮನ್ ರೋರ್ಶಾಕ್ ಇಂಥವೇ ಹತ್ತು ಶಾಯಿಕಲೆಗಳನ್ನು ಮನಸ್ಸು ಅಳೆಯುವ ಪರೀಕ್ಷೆಗೆ ಹಚ್ಚಿದ, ಆಟ ಗಂಭೀರವಾಯಿತು.

ಕನ್ನಡಿ ಹಿಡಿದ ಕೂಡಲೇ ಜೀವಿ ಕಾಣುವುದೇಕೆ ಎಂದರೆ, ನಾವು ನೋಡುವ ಪ್ರಾಣಿಗಳಲ್ಲಿ ಹೆಚ್ಚಿನವು ಎಡಬಲ ಸಮವಾಗಿರುವಂಥವು. ಪಕ್ಕಪಕ್ಕ ಎರಡು ಗುಂಡನೆಯ ಗುರುತು ಕಂಡರೆ ಅವು ನಮಗೆ ಕಣ್ಣು. ನಮ್ಮ ‘ಠ’ ಅಕ್ಷರವನ್ನೇ ನೋಡಿ. ಕನ್ನಡದ ಗಂಧಗಾಳಿ ಇಲ್ಲದವರೂ ಎರಡು ಠ ನಡುವೆ ಗೆರೆಯೊಂದನ್ನು ಇಟ್ಟು, ಅಸಮಾಧಾನದಿಂದ ದಿಟ್ಟಿಸುವ ಮುಖವೆಂದು ಇಂಟರ್ನೆಟ್ ತುಂಬ ಹರಿಯಬಿಟ್ಟಿದ್ದಾರೆ: ಠ_ಠ. ಅದೇ ರೇಡಿಯಲ್‌ನಲ್ಲಿ ಬರೆದದ್ದು ಹೂವಾಗುತ್ತದೆ, ಜೀವಿ ಬೇಕೆಂದರೆ ನಕ್ಷತ್ರಮೀನು. ಆ ಮೀನೂ ಮರಿಹುಳುವಾಗಿದ್ದಾಗ ಎಡಬಲ ಸಮವಾಗಿಯೇ ಇದ್ದು, ಬೆಳೆದ ಮೇಲೆ ಐದು ತೋಳು ಚಾಚುತ್ತದೆ ಎನ್ನುವುದು ಬೇರೆ ಮಾತು.

ಕೆಲಸಕ್ಕೆ ಕೂತಾಗ ಕರ್ನರ್‌ನ ದಾರಿ ಚೆನ್ನಾಗಿ ನಡೆಯುತ್ತದೆ. ಮೊದಲು ದಪ್ಪ ಬ್ರಶ್‌ನಲ್ಲಿ ಏನೆಂದು ಯೋಚಿಸದೆ ಒಂದು ಮುದ್ದೆ ಹಚ್ಚಿ, ಟ್ಯಾಬನ್ನು ತಲೆಕೆಳಗಾಗಿಯೂ ಹಿಡಿದು ನೋಡಿ, ಕಣ್ಣು ಎಲ್ಲಿ ಇಡಬಹುದೆಂದು ಹುಡುಕಿ. ತೆಳು ಬಣ್ಣದ ಬ್ರಶ್ ನಡುಗೆರೆ ದಾಟಿದರೆ ಗೆರೆ ತನ್ನದೇ ಪ್ರತಿಬಿಂಬದ ಮೇಲೆ ಬಿದ್ದು ಅಲ್ಲಿ ಬಣ್ಣ ಗಾಢವಾಗುತ್ತದೆ. ಅದನ್ನು ಮೂಗಿಗೆ ಬಳಸಿಕೊಳ್ಳಬಹುದು. ರೇಡಿಯಲ್‌ನಲ್ಲಿ ಕೇಂದ್ರದ ಹತ್ತಿರ ಗೆರೆಗಳು ನೂಕುನುಗ್ಗಲಾಗುವುದರಿಂದ ಅಲ್ಲಿಗೆ ಕೊನೆಗೆ ಕೈಹಾಕುವುದು ವಾಸಿ. ನೆರಳು ಬೆಳಕಿನ ಹೊತ್ತಿಗೆ ಸಿಮೆಟ್ರಿಯನ್ನು ಆಫ್ ಮಾಡಿ. ಇಲ್ಲದಿದ್ದರೆ ಬೆಳಕು ಎರಡೂ ಕೆನ್ನೆಯ ಮೇಲೆ ಒಂದೇ ಸಮ ಬಿದ್ದು ಮುಖ ಅಚ್ಚೊತ್ತಿದ ಬಿಲ್ಲೆಯಾಗುತ್ತದೆ. ಪ್ರೊಕ್ರಿಯೇಟ್‌ನಲ್ಲಿ ಈ ಸೌಲಭ್ಯ ಲೇಯರ್‌ಗೊಂದರಂತೆ ಬೇರೆ ಬೇರೆ ಆನ್ ಆಗುವುದು ಆಗ ಅನುಕೂಲ. ಹೊಸ ಲೇಯರ್‌ನಲ್ಲಿ ಒಂದು ಹುಬ್ಬು ಏರಿಸಿ, ತುಟಿಯನ್ನು ಒಂದು ಬದಿಗೆ ಎಳೆಯಿರಿ. ಅಲ್ಲಿಯವರೆಗೆ ಬೊಂಬೆಯಾಗಿದ್ದದ್ದು ಏನೋ ಕಿತಾಪತಿ ಮಾಡಿದಂತೆ ನಿಮ್ಮನ್ನೇ ನೋಡುತ್ತದೆ.

ಬರೀ ತಿರುಗಿಸುವ ಬಗೆಯಲ್ಲಿ ಇಷ್ಟು ತುಂಟತನ ಸಾಧ್ಯವೇ ಎನ್ನುವವರಿಗೆ ಹಳೆಯದೊಂದು ಚಿತ್ರವಿದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುವವರನ್ನು ನಾವು ಬಲ್ಲೆವು. ಇಲ್ಲಿ ಮೂರು ಮೊಲ ಒಂದರ ಹಿಂದೊಂದು ಚಕ್ರಾಕಾರವಾಗಿ ಓಡುತ್ತವೆ, ಮೂರಕ್ಕೂ ಸೇರಿ ಇರುವುದು ಮೂರೇ ಕಿವಿ. ಆದರೆ ಯಾವ ಮೊಲವನ್ನು ನೋಡಿದರೂ ಅದಕ್ಕೆ ಎರಡು ಕಿವಿ! ಚೀನಾದ ದುನ್‌ಹುವಾಂಗ್ ಗುಹೆಗಳ ಚಾವಣಿಯಲ್ಲಿ ಸುಯಿ ಅರಸರ ಕಾಲದಲ್ಲೇ ಇದನ್ನು ಬರೆದಿದ್ದರು. ಜರ್ಮನಿಯ ಪಾಡರ್‌ಬೋರ್ನ್ ಕೆಥೆಡ್ರಲ್‌ನ ಕಿಟಕಿಯಲ್ಲಿ, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಚರ್ಚುಗಳ ಚಾವಣಿಯಲ್ಲಿ ಕೂಡ ಇವೇ ಮೊಲಗಳು.

ಕ್ರಿಟಾದ ಮಲ್ಟಿಬ್ರಶ್‌ನಲ್ಲಿ ಬ್ರಶ್ ಸಂಖ್ಯೆ 3 ಎಂದಿಟ್ಟು ಇದನ್ನು ಬರೆಯಬಹುದು. ಒಂದು ಮೊಲ, ಅದಕ್ಕೆ ಒಂದೇ ಕಿವಿ. ಆ ಕಿವಿ ಮುಂದಿನ ಮೊಲದ ತಲೆ ಬರುವ ಜಾಗಕ್ಕೆ ಹೋಗಿ ತಾಗಬೇಕು. ತಾಗಿದರೆ ನಡುವೆ ಕಿವಿಗಳದೇ ಒಂದು ತ್ರಿಕೋನ ನಿಲ್ಲುತ್ತದೆ. ಅಪ್ಪಿತಪ್ಪಿ ಕನ್ನಡಿಯೂ ಆನ್ ಆಗಿದ್ದರೆ ಮೊಲಗಳು ಮುಖಾಮುಖಿಯಾಗಿ ಓಟವೇ ನಿಂತುಹೋಗುತ್ತದೆ. ಅಜಂತಾದ ಒಂದನೇ ಗುಹೆಯ ಕಂಬದ ಮೇಲೂ ಇಂಥದೇ ಒಂದು ಕುಚೋದ್ಯವಿದೆ, ನಾಲ್ಕು ಜಿಂಕೆಗೆ ಒಂದೇ ತಲೆ. ಆದರೆ ಅಲ್ಲಿ ನಾಲ್ಕು ಮೈಗಳದೂ ಬೇರೆ ಬೇರೆ ಭಂಗಿ, ತಲೆ ಮಾತ್ರ ಹಂಚಿಕೆ. ಮೊಲ ಪಳಗಿತೆಂದು ಬ್ರಶ್ ಸಂಖ್ಯೆಯನ್ನು ನಾಲ್ಕಕ್ಕೇರಿಸಿ ಜಿಂಕೆ ಬೆನ್ನು ಹತ್ತಿದವರು ಸಿಮೆಟ್ರಿಯನ್ನು ಆಫ್ ಮಾಡಿಯೇ ಕೂರಬೇಕು.